ಬಾಗಿಲು ಹೊತ್ತು ಅಂಗಡಿಗೆ ಹೋದ ನಟ್ಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವರ್ಕ್‌ಶಾಪಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಸ್ಟ್ಯಾಂಡಿನ ಮೇಲಿರುವ ಕಾರಿಗೆ ಚಕ್ರವಿಲ್ಲ, ಸೀಟಿಲ್ಲ, ಬಣ್ಣವೂ ಇಲ್ಲ. ಅದರೊಳಗಿಂದ ಎರಡು ಕಾಲು ಹೊರಗೆ ಚಾಚಿವೆ. ಕಾಲಿನ ಒಡತಿ ಒಳಗೆ ಅಂಗಾತ ಮಲಗಿ, ತಗಡಿನ ತೂತಿಗೆ ಕಿರುಬೆರಳ ತುದಿಯಷ್ಟಿರುವ ನಟ್ಟೊಂದನ್ನು ಕೂರಿಸುತ್ತಿದ್ದಾರೆ. ಕೂರಿಸುತ್ತ ಅದರ ಜೊತೆ ಮಾತು ಬೇರೆ. "ಬಾ ತಾಯಿ, ಇನ್ನೊಂಚೂರು... ಹಾಂ, ಕೂತ್ಕೋ. ಜಾಣೆ."

ಇವರು ನಟ್ಟಕ್ಕ. ಮನೆಯಲ್ಲಿ ಇಟ್ಟ ಹೆಸರು ಬೇರೆ ಇದೆಯಂತೆ, ಇಲ್ಲಿ ಯಾರಿಗೂ ನೆನಪಿಲ್ಲ. ವಯಸ್ಸು ಐವತ್ತು ದಾಟಿದೆ. ಕೈಯಲ್ಲೇ ಕಾರು ಕಟ್ಟುವ ಈ ಪುಟ್ಟ ವರ್ಕ್‌ಶಾಪಿನಿಂದ ಹೊರಬೀಳುವ ಪ್ರತಿ ಕಾರಿನಲ್ಲೂ ಇವರ ಕೈ ಇದೆ. ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾರಿನ ಮೈ ಎಂದರೆ ತೆಳ್ಳನೆಯ ತಗಡು. ಅದಕ್ಕೆ ನೇರವಾಗಿ ಬೋಲ್ಟ್ ತಿರುಗಿಸಿದರೆ ಹಿಡಿತ ಸಿಗದು. ಹಿಂದಿನಿಂದ ನಟ್ಟು ಹಿಡಿಯೋಣವೆಂದರೆ ಕೈ ಹೋಗದು. ಅದಕ್ಕೇ ರಿವೆಟ್ ನಟ್ಟು. ಒಳಗೆ ತ್ರೆಡ್, ಅಂದರೆ ತಿರುಪಿನ ಸುರುಳಿಗೆರೆ, ಇರುವ ಈ ಪುಟ್ಟ ಕೊಳವೆಯನ್ನು ತೂತಿಗಿಟ್ಟು, ಟೂಲಿನ ತಿರುಪನ್ನು ಅದಕ್ಕೆ ಸೇರಿಸಿ ಎಳೆದರೆ ಹಿಂಬದಿ ಉಬ್ಬಿ ತಗಡನ್ನು ಕಚ್ಚಿಕೊಳ್ಳುತ್ತದೆ. ಕಡಿಮೆ ಎಳೆದರೆ ನಟ್ಟು ಗರಗರ ತಿರುಗುತ್ತದೆ, ಹೆಚ್ಚು ಎಳೆದರೆ ತ್ರೆಡ್ಡೇ ಹಾಳು. ದಿನಕ್ಕೆ ನೂರರ ಆಚೀಚೆ ನಟ್ಟಕ್ಕನ ಕೈಯಲ್ಲಿ ಕೂರುತ್ತವೆ.

ಮೊದಲು ಇವರು ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಚೀಲಗಳಿಗೆ ಒತ್ತುಗುಂಡಿ ಕೂರಿಸುತ್ತಿದ್ದರು. ಅದು ಬಾಗಿಲು ಹಾಕಿದಾಗ ಇಬ್ಬರು ಹೆಣ್ಣುಮಕ್ಕಳು ಇನ್ನೂ ಶಾಲೆಯಲ್ಲಿದ್ದರು. ಕಸ ಗುಡಿಸುವ ಕೆಲಸಕ್ಕೆಂದು ನಟ್ಟಕ್ಕ ಇಲ್ಲಿಗೆ ಬಂದರು. ಗುಡಿಸುತ್ತ ಗುಡಿಸುತ್ತ ಕಾರಿನ ಕಡೆಗೇ ಸರಿದರು. ಗಂಡ ದರ್ಜಿ, ಮಾತಿಗೆ ಮುಂಚೆ ನಗುವ ಮನುಷ್ಯ. "ಬಟ್ಟೆಗೆ ಗುಂಡಿ ನಾನು ಹಾಕ್ತೀನಿ, ಕಾರಿಗೆ ಇವಳು ಹಾಕ್ತಾಳೆ. ನಂದು ಕಿತ್ತೋದ್ರೆ ವಾಪಸ್ ತರ್ತಾರೆ, ಇವಳ್ದು ಇವತ್ತಿನವರೆಗೂ ವಾಪಸ್ ಬಂದಿಲ್ಲ" ಎನ್ನುತ್ತಿದ್ದರು.

ಬಾರದ್ದು ಕಳೆದ ತಿಂಗಳು ಬಂತು. ಇಕ್ಕಳದಂತೆ ಹಿಂಡುವ ಹಳೆಯ ಟೂಲಿನ ತಿರುಪು ಸವೆದು ಎಳೆತ ಸೋತಿತ್ತು, ಇತ್ತ ನಟ್ಟಕ್ಕನ ಮಣಿಕಟ್ಟೂ ಸೋತಿತ್ತು. ಜೊತೆಗಾರ ಬೋಲ್ಟ್ ಬಿಗಿ ಮಾಡಲು ಹೋದರೆ ನಟ್ಟೇ ತಿರುಗತೊಡಗಿತು, ಕೆಲಸ ನಟ್ಟಕ್ಕನ ಬಳಿಗೇ ವಾಪಸ್ ಬಂತು. ಹಿಂಡುವ ಕೆಲಸ ಸಾಕು ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು. ವಯಸ್ಸಿನಲ್ಲಿ ಚಿಕ್ಕವರಾದ ವರ್ಕ್‌ಶಾಪಿನ ಯಜಮಾನರು ಮೆಲ್ಲಗೆ, "ಅಕ್ಕ, ಬಿಡಿಭಾಗ ಕೊಡೋ ಕಿಟಕಿ ಹತ್ರ ಕೂತ್ಕೊಂಡುಬಿಡಿ, ಸಂಬಳ ಏನೂ ಕಡಿಮೆ ಆಗಲ್ಲ" ಎಂದರು.

"ಅವರು ಒಳ್ಳೇದಕ್ಕೇ ಹೇಳಿದ್ದು. ಆದ್ರೆ ಕಾರಿನ ಒಳಗಿದ್ದೋಳು ಕಿಟಕಿ ಹಿಂದೆ ಕೂತು ಏನು ಮಾಡ್ಲಿ? ಟೂಲ್ ಬದಲಾಯಿಸಿ, ನನ್ನ ಬದಲಾಯಿಸ್ಬೇಡಿ ಅಂದೆ."

ಯಜಮಾನರು ಒಪ್ಪಿದರು, ಒಂದು ಷರತ್ತಿನ ಮೇಲೆ. ಟೂಲು ನಟ್ಟಕ್ಕನೇ ಆರಿಸಬೇಕು. ಈಗಿನ ಕಾರಿನ ನಟ್ಟುಗಳೆಲ್ಲ ಅದರಲ್ಲಿ ಗಟ್ಟಿಯಾಗಿ ಕೂತರೆ ನಟ್ಟಕ್ಕ ಇಲ್ಲೇ, ಇಲ್ಲವಾದರೆ ಕಿಟಕಿ.

ನಟ್ಟಕ್ಕ ಅಂಗಡಿಗೆ ಹೋಗಿ ಬ್ಯಾಟರಿಯ ಟೂಲೊಂದಕ್ಕೆ ಮನಸೋತರು. ಗುಂಡಿ ಅದುಮಿದರೆ ಸಾಕು, ಜುಂಯ್ ಎಂದು ತಾನೇ ಎಳೆಯುತ್ತದೆ. ಮೇಜಿನ ಮೇಲೆ ಹಾಸಿದ ತಗಡಿನಲ್ಲಿ ಹೂವಿನಂತೆ ಕೂತವು ನಟ್ಟುಗಳು. ವಾರವಿಡೀ ಕಂಡಕಂಡವರ ಮುಂದೆ ಅದರದೇ ಗುಣಗಾನ. ಮನೆಗೂ ಒಯ್ದು ಗಂಡನಿಗೆ ತೋರಿಸಿದರು.

ಆಮೇಲೆ ಬಂತು ಬಾಗಿಲ ಸರದಿ. ಬಾಗಿಲು ಎಳೆದುಕೊಳ್ಳುವ ಒಳಹಿಡಿಕೆಯ ನಟ್ಟು ಕೂರುವುದು ತಗಡು ಮಡಿಚಿದ ಸಂದಿನಲ್ಲಿ. ಟೂಲಿನ ಮೂತಿ ಒಳಗೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಅಡ್ಡ ಹಿಡಿದರು, ತಲೆಕೆಳಗೆ ಹಿಡಿದರು. ಊಹೂಂ.

"ಮೇಜಿನ ಮೇಲೆ ನೋಡಿ ತಗೊಂಡೆ ನೋಡಿ, ಅದೇ ನನ್ನ ಪೆದ್ದುತನ," ಎಂದು ಈಗ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. "ಕಾರಲ್ಲಿ ಮೇಜು ಎಲ್ಲಿರುತ್ತೆ? ಬರೀ ಮೂಲೆ! ಇಷ್ಟು ವರ್ಷ ಆ ಮೂಲೆಗಳಲ್ಲೇ ಮಲಗಿದ್ದೋಳಿಗೆ ಅಂಗಡೀಲಿ ಮರೆತೇಹೋಯ್ತು." ಆ ದಿನ ಮಾತ್ರ ನಗಲಿಲ್ಲವಂತೆ, ಊಟದ ಡಬ್ಬಿ ತೆರೆಯದೆ ವಾಪಸ್ ಒಯ್ದರಂತೆ.

ಮರುದಿನ ಮಾಡಿದ ಕೆಲಸವನ್ನು ಬೀದಿಯೇ ನಿಂತು ನೋಡಿತು. ಗಾಜಿಲ್ಲದ, ಬಣ್ಣವಿಲ್ಲದ ಆ ಬರಿ ತಗಡಿನ ಬಾಗಿಲನ್ನೇ ಬಿಚ್ಚಿಕೊಂಡು ನಾದಿನಿಯ ಸ್ಕೂಟರಿನ ಹಿಂದೆ ಹತ್ತಿ ಕೂತರು. "ಅತ್ತಿಗೆ, ಜೋರಾಗಿ ಓಡಿಸಿದ್ರೆ ಗಾಳಿಗೆ ಹಾರ್ಕೊಂಡು ಹೋಗ್ತೀವಿ" ಎಂದು ನಾದಿನಿ ದಾರಿಯುದ್ದಕ್ಕೂ ಗೊಣಗಿದರು. ಸಿಗ್ನಲ್ಲಿನಲ್ಲಿ ಪೊಲೀಸ್ ಒಬ್ಬರು ಬಗ್ಗಿ ನೋಡಿ, "ಏನಮ್ಮಾ, ಮಿಕ್ಕ ಕಾರು ಎಲ್ಲಿ?" ಎಂದರು. "ಹಿಂದೆ ಬರ್ತಿದೆ ಸಾರ್, ನಿಧಾನ" ಎಂದರಂತೆ ನಟ್ಟಕ್ಕ.

ಅಂಗಡಿಯಲ್ಲಿ ಬಾಗಿಲನ್ನು ಕೌಂಟರಿನ ಮೇಲೆ ಮಲಗಿಸಿ, ಆ ಸಂದಿಗೆ ಒಂದೊಂದೇ ಟೂಲು ತೂರಿಸಿ ನೋಡಿದರು. ಉದ್ದ ಕೈಯವು ತಗಡಿಗೆ ತಾಗಿದವು, ಗಾಳಿಯ ಒತ್ತಡದವು ಒಳಗೇ ಹೋಗಲಿಲ್ಲ. ಅಂಗಡಿಯವರ ತಾಳ್ಮೆ ಮುಗಿಯುವ ಹೊತ್ತಿಗೆ, ಕೊನೆಯ ಕಪಾಟಿನಿಂದ ಯಾರೂ ಕೇಳದ ಒಂದು ಪುಟ್ಟ ಟೂಲು ಹೊರಬಂತು. ಹಿಂಡಬೇಕಿಲ್ಲ, ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು ಇನ್ನೊಂದನ್ನು ತೋಳಿನಿಂದ ಮೆಲ್ಲಗೆ ತಿರುಗಿಸಿದರೆ ಸಾಕು. ನಿಧಾನ, ಆದರೆ ಸಂದಿನಲ್ಲಿ ಸಲೀಸಾಗಿ ಹಿಡಿಸಿತು. ಮಣಿಕಟ್ಟು ಚಕಾರ ಎತ್ತಲಿಲ್ಲ. ಅಲ್ಲಿಯೇ ನಟ್ಟು ಕೂರಿಸಿದಾಗ ಅಂಗಡಿಯವರೂ ಚಪ್ಪಾಳೆ ತಟ್ಟಿದರು.

ಬ್ಯಾಟರಿಯ ಟೂಲು ಈಗ ಕಾರಿನ ನೆಲದ ತಗಡಿನ ಕೆಲಸ ಮಾಡುವ ಜೊತೆಗಾರನ ಪಾಲಾಗಿದೆ, ಅವನ ಖುಷಿಗೆ ಪಾರವಿಲ್ಲ.

ಇವತ್ತು ಈ ಕಾರಿನ ನಟ್ಟುಗಳ ಕೆಲಸ ಮುಗಿಯುವ ದಿನ. ಬಣ್ಣಕ್ಕೆ ಮುಂಚಿನ ಪರೀಕ್ಷೆಗೆಂದು ಕೊನೆಯ ಬಾಗಿಲಿಗೂ ಹಿಡಿಕೆ ಬಿದ್ದಿದೆ. ದಪ್ಪ ಮೈಯ ಯಜಮಾನರು ಒಂದು ಕಾಲನ್ನು ಕಾರಿಗೆ ಒತ್ತಿಟ್ಟು, ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾರೆ. ಮುಖ ಕೆಂಪಾಗುತ್ತದೆ, ಹಿಡಿಕೆ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಸುತ್ತ ನಿಂತವರು ಹೋ ಎನ್ನುತ್ತಾರೆ. ಯಜಮಾನರು ಏದುಸಿರು ಬಿಡುತ್ತ, "ಆಯ್ತಕ್ಕ, ಕಿಟಕಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ" ಎನ್ನುತ್ತಾರೆ.

ನಟ್ಟಕ್ಕನಿಗೆ ಸಂತೋಷ ತಡೆಯಲಾಗುತ್ತಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ದನಿ ತಗ್ಗಿಸಿ ಹೇಳುತ್ತಾರೆ:

"ಮುಂದಿನ ಕಾರಿನ ಮೂಲೆಗಳು ಇನ್ನೂ ಇಕ್ಕಟ್ಟಂತೆ. ಎಲ್ರೂ ಈಗ್ಲಿಂದ್ಲೇ ಹೆದರ್ಕೊಂಡಿದಾರೆ. ಅವೆಲ್ಲಾ ನನಗೇ ಬೇಕು ಅಂತ ಹೇಳಿಟ್ಟಿದೀನಿ."