ಬೆನ್ನು ತಿರುಗಿಸಿ ಕೂತ ಚಿಕ್ಕತ್ತೆ

ಮಗುವಿನ ಮುಂದೆ ತಟ್ಟೆ ಇಟ್ಟ ಕೂಡಲೇ ಅಕ್ಕಯಮ್ಮ ಅದಕ್ಕೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಮಗು ಉಂಡಿತೋ, ಸಾರಿನಲ್ಲಿ ಕೈಯಾಡಿಸಿತೋ, ತಟ್ಟೆಯನ್ನೇ ತಲೆಗೆ ಹಾಕಿಕೊಂಡಿತೋ, ಅವರು ತಿರುಗಿ ನೋಡುತ್ತಿರಲಿಲ್ಲ. ತಮ್ಮ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಪಕ್ಕದ ಮನೆಗೆ ಕೇಳುವ ಹಾಗೆ ಸೊರ್ ಎಂದು ನುಂಗುತ್ತಿದ್ದರು. ಆ ಪಕ್ಕದ ಮನೆ ನಮ್ಮದು. ಅವರು ನಮ್ಮ ಅತ್ತೆಯ ಓರಗಿತ್ತಿ, ನನಗೆ ಚಿಕ್ಕತ್ತೆ.

ಎಪ್ಪತ್ತರ ದಶಕದಲ್ಲಿ ನಾನು ಮಾಲೂರಿನ ಕಡೆಯಿಂದ ಮದುವೆಯಾಗಿ ಹುತ್ತೂರಿನ ಹತ್ತಿರದ ಆ ಊರಿಗೆ ಬಂದಾಗ, ಚಿಕ್ಕತ್ತೆಯ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುಗಳಿಗೆ ಹೆಚ್ಚು ಜಾಗವಿತ್ತು. ನಡುಮನೆಯ ತುಂಬ ಬಿದಿರಿನ ತಟ್ಟೆಗಳು. ಅವುಗಳ ಸಂದಿನಲ್ಲಿ ಚಾಪೆ ಹಾಸಿಕೊಂಡು ಮನೆಯವರೆಲ್ಲ ಮಲಗಬೇಕು. ಚಿಕ್ಕತ್ತೆ ಸೊಪ್ಪು ಹೆಚ್ಚುತ್ತಾ ಹುಳುಗಳನ್ನು ಮಾತಾಡಿಸುತ್ತಿದ್ದರು. ಬೈರಕೂರಿನ ಕಡೆ ಹುಟ್ಟಿದವರು, ಕೋಪಕ್ಕೂ ಮುದ್ದಿಗೂ ತೆಲುಗೇ ಮುಂದೆ ಬರುತ್ತಿತ್ತು. ನನ್ನನ್ನು ಬೈಯುವಾಗ ಮಾತ್ರ ಅಚ್ಚ ಕನ್ನಡ. ಒಂದು ಬೈಗುಳವೂ ನನಗೆ ತಪ್ಪಿಹೋಗಬಾರದೆಂಬ ಕಾಳಜಿ ಇರಬೇಕು.

ನನ್ನ ಮಗ ಸೀನ ಒಂದೂವರೆ ವರ್ಷಕ್ಕೆ ಊಟ ಬಿಟ್ಟ. ರಾಗಿ ಸರಿ ಕಂಡರೆ ಬಾಯಿ ಬಿಗಿ ಹಿಡಿಯುವನು, ಅನ್ನ ಇಟ್ಟರೆ ಉಗಿಯುವನು. ದಿನಾ ಯುದ್ಧ. ನಮ್ಮ ಅತ್ತೆ ಕಾಲು ನೀಡಿ ಅವನನ್ನು ಮಲಗಿಸಿಕೊಂಡು, ಮೂಗು ಹಿಡಿದು, ಒಳಲೆಯಲ್ಲಿ ಸರಿ ಹುಯ್ಯುವರು. ನಾನು ಕೈಕಾಲು ಹಿಡಿಯಬೇಕು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಅಗೋ ಕಾಗೆ, ಅಗೋ ಬಸ್ಸು" ಎಂದು ಊರಿಗೆಲ್ಲ ಕೇಳುವಂತೆ ಕೂಗುವರು. ಅಷ್ಟೆಲ್ಲ ಆಗಿ ಮಗು ಒಳಗೆ ಹೋದದ್ದನ್ನು ಪೂರಾ ಕಕ್ಕಿಬಿಡುತ್ತಿತ್ತು. ಆಮೇಲೆ ಅವನೂ ನಾನೂ ಒಟ್ಟಿಗೆ ಅಳುತ್ತಾ ಕೂರುತ್ತಿದ್ದೆವು.

ಒಂದು ದಿನ ಚಿಕ್ಕತ್ತೆ ಬಂದು ಒಳಲೆ ಕಿತ್ತುಕೊಂಡರು.

"ಏನಮ್ಮಿ, ಮಗೂಗೆ ಉಣ್ಣಿಸ್ತಿದ್ದೀರೋ, ದನಕ್ಕೆ ಗೊಟ್ಟದಾಗೆ ಔಷ್ದಿ ಹುಯ್ತಿದ್ದೀರೋ?"

"ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ ಚಿಕ್ಕತ್ತೆ," ಎಂದೆ.

"ಆಡ್ತಾನಾ?"

"ಆಡೋದಕ್ಕೇನು, ಮನೇನೆಲ್ಲ ಕಿತ್ತು ಹಾಕ್ತಾನೆ."

"ಹಂಗಾದ್ರೆ ಪೋನೀ, ಬಿಡೇ. ಕೂತವ್ನೆ. ಎದ್ದಾಗ ತಾನೇ ಮೇಯ್ತಾನೆ."

ಅದು ಹುಳು ಸಾಕುವವರ ಮಾತು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಆಗ ಯಾರೂ ಸೊಪ್ಪು ಹಾಕುವುದಿಲ್ಲ. ಹಾಕಿದರೆ ಅದು ಅಲ್ಲೇ ಕೊಳೆತು ಹುಳುವಿಗೆ ರೋಗ ಬರುತ್ತದೆ. ಪೊರೆ ಕಳಚಿ ಎದ್ದ ಮೇಲೆ ಮಾತ್ರ ಎಷ್ಟು ಹಾಕಿದರೂ ಸಾಲದು. ಮಕ್ಕಳೂ ಹಾಗೇ ಎಂದು ಚಿಕ್ಕತ್ತೆ ನಂಬಿದ್ದರು. "ಹಾಕೋದು ನಂದು, ಮೇಯೋದು ಅದರದ್ದು" ಎನ್ನುವರು.

ಸೀನನನ್ನು ತಮ್ಮ ಜಗಲಿಗೆ ಒಯ್ದರು. ಚಿಕ್ಕ ತಟ್ಟೆಯಲ್ಲಿ ನೆಲ್ಲಿಕಾಯಿ ಗಾತ್ರದ ಮುದ್ದೆ, ಸ್ವಲ್ಪ ಅವರೆಕಾಳಿನ ಸಾರು. ಅದನ್ನಿಟ್ಟು ತಿರುಗಿ ಕೂತರು. ಅವನು ಮುದ್ದೆಯನ್ನು ಬೀದಿಗೆ ಎಸೆದ. ನಾನು ಓಡಿಹೋಗುವಷ್ಟರಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು. ಮಾರನೆಯ ದಿನವೂ ಎಸೆದ. ಇವನು ಉಪವಾಸ ಸಾಯುತ್ತಾನೆಂದು ನಮ್ಮ ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ಅದರ ಮಾರನೆಯ ದಿನ ಅವನು ಚಿಕ್ಕತ್ತೆಯ ಬೆನ್ನ ಹಿಂದಿನಿಂದ ತೆವಳಿ ಬಂದು, ಅವರ ತಟ್ಟೆಯಿಂದಲೇ ಒಂದು ಚೂರು ಮುದ್ದೆ ಕದ್ದು ಬಾಯಿಗೆ ಹಾಕಿಕೊಂಡ. ಅವರು ಏನೂ ಕಾಣದವರಂತೆ ಉಣ್ಣುತ್ತಲೇ ಇದ್ದರು. ನಾನು ಖುಷಿ ತಡೆಯಲಾರದೆ ಚಪ್ಪಾಳೆ ತಟ್ಟಿದೆ.

"ಲೇ, ಉಂಡಿದ್ದಕ್ಕೆಲ್ಲ ಹೊಗಳ್ತಾರೇನೇ? ನಾಳೆಯಿಂದ ಹೊಗಳಿಸ್ಕೊಳ್ಳೋಕೆ ಉಣ್ತಾನೆ ಅಷ್ಟೆ. ಒಳಗೆ ಹೋಗು!"

ಆಮೇಲೆ ಬೀದಿಯ ಹೆಂಗಸರೆಲ್ಲ ತಮ್ಮ ಹಟಮಾರಿ ಮಕ್ಕಳನ್ನು ಆ ಜಗಲಿಗೆ ತಂದು ಬಿಡತೊಡಗಿದರು. ಎಂಬತ್ತರ ದಶಕ ಬಂದಾಗಲೂ ನಮ್ಮ ಬೀದಿಯಲ್ಲಿ ಊಟದ ಹೊತ್ತಿಗೆ ಮಕ್ಕಳ ಅಳು ಕೇಳುತ್ತಿರಲಿಲ್ಲ. ಆ ನೆಮ್ಮದಿಯನ್ನು ನಾನು ಯಾವತ್ತೂ ಮರೆಯಲಾರೆ.

ಚಿಕ್ಕತ್ತೆಯ ಒಬ್ಬನೇ ಮಗನಿಗೆ ಬಹಳ ತಡವಾಗಿ ಹುಟ್ಟಿದವಳು ಗಂಗಿ. ಎರಡು ವರ್ಷ ತುಂಬುವ ಹೊತ್ತಿಗೆ ಅವಳೂ ಊಟ ಬಿಟ್ಟಳು. ಚಿಕ್ಕತ್ತೆ ಎಂದಿನಂತೆ ತಟ್ಟೆ ಇಟ್ಟು ಬೆನ್ನು ತಿರುಗಿಸಿದರು. ಸೊಸೆ ಶಾರದೆಗೆ ಮಾತ್ರ ಸಮಾಧಾನವಿಲ್ಲ. "ಅತ್ತೆ, ಹೊಟ್ಟೆ ಯಾಕೋ ಗಟ್ಟಿಯಾಗೈತೆ. ಕೋಲಾರಕ್ಕೆ ತೋರಿಸ್ಕೊಂಡು ಬರ್ತೀವಿ" ಎಂದು ನನ್ನೆದುರಿಗೇ ಅಂದಳು.

"ಪೋನೀ, ಬಿಡೇ. ಕೂತೈತೆ, ಏಳ್ತದೆ. ಎಷ್ಟು ಮಕ್ಕಳನ್ನ ನೋಡಿಲ್ಲ ನಾನು?"

ಗಂಗಿ ಆಡುತ್ತಿರಲಿಲ್ಲ, ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದಳು. ನನ್ನ ಮಗನ ವಿಷಯದಲ್ಲಿ ಕೇಳಿದ್ದ "ಆಡ್ತಾನಾ?" ಎಂಬ ಆ ಒಂದು ಪ್ರಶ್ನೆಯನ್ನು ಚಿಕ್ಕತ್ತೆ ಸ್ವಂತ ಮೊಮ್ಮಗಳ ವಿಷಯದಲ್ಲಿ ಕೇಳಿಕೊಳ್ಳಲಿಲ್ಲ. ಹುಳು ನಾಲ್ಕನೆಯ ಸಲ ಪೊರೆ ಬಿಟ್ಟು ಎದ್ದು, ಸೊಪ್ಪಿಗಾಗಿ ಮನೆಯವರೆಲ್ಲ ಹಗಲೂ ರಾತ್ರಿ ಓಡಾಡುತ್ತಿದ್ದ ದಿನಗಳು ಅವು. ಕೊನೆಗೆ ಮಗುವಿನ ಕಣ್ಣು ಹಳದಿಗೆ ತಿರುಗಿದಾಗ ಶಾರದೆ ಯಾರ ಮಾತನ್ನೂ ಕೇಳದೆ ಎತ್ತಿಕೊಂಡು ಬಸ್ಸು ಹತ್ತಿದಳು. ನಾನೂ ಜೊತೆಗೆ ಹೋದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಲಿವರ್ ಊದಿದೆ ಎಂದರು. "ಮೊದಲೇ ಕರ್ಕೊಂಡು ಬಂದಿದ್ರೂ ಇದಕ್ಕೆ ನಮ್ಮ ಹತ್ರ ಔಷಧಿ ಇಲ್ಲಮ್ಮ. ಊಟ ಬಿಟ್ಟಿದ್ದರಿಂದ ಕಾಯಿಲೆ ಬಂದಿದ್ದಲ್ಲ. ಕಾಯಿಲೆಯಿಂದ ಊಟ ಬಿಟ್ಟಿರೋದು" ಎಂದು ಬಿಡಿಸಿ ಹೇಳಿದರು. ನಾನು ಊರಿಗೆ ಬಂದು ಆ ಮಾತನ್ನು ಚಿಕ್ಕತ್ತೆಗೆ ಮತ್ತೆ ಮತ್ತೆ ಹೇಳಿದೆ. ಅವರ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಮಳೆಗಾಲ ಮುಗಿಯುವ ಮುಂಚೆ ಗಂಗಿ ಹೋದಳು. ಶಾರದೆ ಜಗಳವಾಡಲಿಲ್ಲ, ಬೇರೆ ಒಲೆ ಹೂಡಿದಳು. ಅತ್ತೆಯ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟಳು.

ಚಿಕ್ಕತ್ತೆ ಹುಳುಗಳ ಹತ್ತಿರ ಹೋದರು. ಈಗ ಅವರಿಗೆ ಯಾವ ಜೀವವೂ ಮೇಯದೆ ಕೂತಿರುವುದನ್ನು ನೋಡಲು ಆಗುತ್ತಿರಲಿಲ್ಲ. ತಲೆ ಎತ್ತಿ ಕೂತ ಹುಳುಗಳ ಮೇಲೂ ಸೊಪ್ಪು ಸುರಿಯುವರು. ಮಗ ತೆಗೆದರೆ ಅವನು ಅತ್ತ ಹೋದ ಮೇಲೆ ಮತ್ತೆ ಸುರಿಯುವರು. ತಟ್ಟೆಗಳು ನಾರಿದವು. ಎರಡು ಬೆಳೆ ಪೂರಾ ಹಾಳಾಗಿ, ಮಗ ತಟ್ಟೆಗಳನ್ನು ಅಟ್ಟಕ್ಕೆ ಹಾಕಿಬಿಟ್ಟ. ಆಗ ಅವರಿಗೆ ಮೇವು ಹಾಕಲು ಏನೂ ಉಳಿಯಲಿಲ್ಲ.

ಅಷ್ಟರಲ್ಲಿ ನಮ್ಮ ಯಜಮಾನರಿಗೆ ಶ್ರೀನಿವಾಸಪುರಕ್ಕೆ ವರ್ಗವಾಗಿ ನಾವು ಊರು ಬಿಟ್ಟಿದ್ದೆವು. ಅಲ್ಲಿ ನನಗೆ ಮಗಳು ಹುಟ್ಟಿದಳು. ಅವಳಿಗೆ ಒಂದೂವರೆ ವರ್ಷವಾದಾಗ ಊರಿಗೆ ಹೋಗಿ, ನಾನೇ ಬೇಕೆಂದು ಆ ಜಗಲಿಯ ಮೇಲೆ ಮಗುವನ್ನು ಕೂರಿಸಿದೆ. ಮಗು ಕಂಡರೆ ಹಳೆಯ ಚಿಕ್ಕತ್ತೆ ಹೊರಗೆ ಬಂದಾರೆಂಬ ಆಸೆ. ಅವರು ಅನ್ನ ಕಲಸಿ ತಂದರು. ಮಗಳು ತಲೆ ಆಡಿಸಿದಳು.

ಚಿಕ್ಕತ್ತೆ ಕಾಲು ನೀಡಿ ಅವಳನ್ನು ಎಳೆದು ಮಲಗಿಸಿಕೊಂಡರು. ಮೂಗು ಹಿಡಿದರು. ಬಾಯಿ ತೆರೆದ ಕೂಡಲೇ ತುತ್ತು ತುರುಕಿದರು. ಮಗು ಕಕ್ಕಿತು. ಸೆರಗಿನಲ್ಲಿ ಒರೆಸಿ ಇನ್ನೊಂದು ತುತ್ತು ತುರುಕಿದರು. "ತಿನ್ನಮ್ಮಾ, ತಿನ್ನು, ನನ್ನ ತಾಯಲ್ವಾ" ಎನ್ನುತ್ತಿದ್ದರು. ಮಗುವಿನ ಮುಖ ಕೆಂಪಾಯಿತು. ನಾನು ಅವಳನ್ನು ಬಲವಂತವಾಗಿ ಅವರ ಕೈಯಿಂದ ಬಿಡಿಸಿಕೊಂಡೆ.

"ಬಿಡಿ ಚಿಕ್ಕತ್ತೆ, ಅವಳಿಗೆ ಹಸಿವಿಲ್ಲ. ಈಗ ತಾನೇ ಹಾಲು ಕುಡಿದಿದ್ದಾಳೆ."

ಅವರು ಅನ್ನ ಮೆತ್ತಿದ ಕೈಯನ್ನು ಹಾಗೇ ಮುಂದೆ ಚಾಚಿಕೊಂಡಿದ್ದರು.

"ಹಸಿವಿಲ್ಲ ಅಂತ ನಾನೂ ಅಂದಿದ್ದೆ ಕಣೇ," ಎಂದರು. "ಕೊಡಿಲ್ಲಿ ಮಗೂನ."

ನಾನು ಕೊಡಲಿಲ್ಲ.