ಕಾಯಿ ಕೇಳುತ್ತಿದ್ದ ಅಕ್ಕ

ಅಕ್ಕನ ಎಡಗಿವಿಯಲ್ಲಿ ಓಲೆ, ಬಲಗಿವಿ ಬೋಳು. ಓಲೆ ಅಲುಗಾಡಿದರೆ ಕಾಯಿಯ ಸದ್ದು ಕೆಡುತ್ತದೆಂದು ತೆಗೆದಿಟ್ಟಿದ್ದಳು. ಹಾಗೆಂದು ಅವಳೇ ಹೇಳಿದಳೋ, ನಾನೇ ಕಟ್ಟಿಕೊಂಡೆನೋ, ಈಗ ಖಚಿತವಿಲ್ಲ. ಬೋಳು ಕಿವಿಯಂತೂ ನಿಜ.

ಕಡೂರಿನ ಹಳೆಯ ಗೋದಾಮೊಂದರಲ್ಲಿ ನಮ್ಮ ಸ್ಟಾರ್ಟಪ್ ಶುರುವಾಗಿತ್ತು. ರೈತರಿಂದ ಫೋನಿನ ಆ್ಯಪ್ ಮೂಲಕ ಒಣಗಿದ ಕಾಯಿ ಕೊಂಡು, ಒಡೆದು, ಉಂಡೆ ಕೊಬ್ಬರಿ ಮಾರುವುದು ವ್ಯವಹಾರ. ನಾನು ಸಿಬ್ಬಂದಿಯನ್ನು ನೋಡಿಕೊಳ್ಳುವವನು. ನಾವೆಲ್ಲ ಅಕ್ಕ ಎನ್ನುತ್ತಿದ್ದ ಆಕೆ ಸಿಂಗಟಗೆರೆ ಕಡೆಯಿಂದ ಬಸ್ಸಿನಲ್ಲಿ ಬಂದು ಉಳಿದ ಹೆಂಗಸರ ಜೊತೆ ಕಾಯಿ ವಿಂಗಡಿಸುವವಳು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಎರಡು ಸಲ ಅಲ್ಲಾಡಿಸುವಳು. ಒಳಗಿನ ಕೊಬ್ಬರಿ ಗಟ್ಟಿಯಾಗಿ ಉರುಳಿದರೆ ಒಂದು ರಾಶಿಗೆ, ಸದ್ದು ಮಂಕಾಗಿದ್ದರೆ ಇನ್ನೊಂದಕ್ಕೆ. ಒಡೆಯುವ ಮೊದಲೇ "ಇದು ಕೊಳ್ತೋಗೈತೆ" ಎನ್ನುವಳು. ಒಡೆದರೆ ಹಾಗೇ ಇರುತ್ತಿತ್ತು.

ಮಾಲೀಕನಿಗೆ ಇನ್ನೂ ಮೂವತ್ತಾಗಿರಲಿಲ್ಲ. "ಇಲ್ಲಿ ಯಾರೂ ಬಾಸ್ ಅಲ್ಲ, ನಾವೆಲ್ಲ ಒಂದೇ ಫ್ಯಾಮಿಲಿ" ಎನ್ನುತ್ತಿದ್ದ. ಬೆಳಿಗ್ಗೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಬೇಕಿತ್ತು. ಮೊದಲ ದಿನ ಅಕ್ಕ ನನ್ನತ್ತ ಬಾಗಿ, "ಯಾರಿಗಪ್ಪಾ ಮದ್ವೆ?" ಎಂದಿದ್ದಳು.

ಉತ್ಸಾಹ ಸಾಲದೆಂದು ಒಂದು ದಿನ ವಿಂಗಡಿಸುವ ಜಾಗದಲ್ಲೇ ದೊಡ್ಡ ಸ್ಪೀಕರ್ ತಂದಿಟ್ಟರು. ದಿನವಿಡೀ ಹಾಡು. ಕಿವಿಯಿಂದ ಮಾಡುವ ಕೆಲಸದ ಪಕ್ಕದಲ್ಲಿ! ಹೆಂಗಸರು ಕಾಯಿ ಅಲ್ಲಾಡಿಸಿ, ಏನೂ ಕೇಳಿಸದೆ, ಗೋಡೆಯ ಮೇಲೆ ಬರೆದ ದಿನದ ಲೆಕ್ಕ ಮುಟ್ಟಿಸಲು ಅಂದಾಜಿನಲ್ಲೇ ರಾಶಿಗೆ ಎಸೆಯತೊಡಗಿದರು. ಅಕ್ಕ ಎದ್ದು ಪ್ಲಗ್ ಕಿತ್ತಳು.

"ಅಕ್ಕಾ, ಇದು ನಮ್ಮ ಕಲ್ಚರ್" ಎಂದ ಮಾಲೀಕ.

"ನಿಮ್ ಕಲ್ಚರ್ ನಿಮ್ ರೂಮಲ್ಲಿ ಹಾಕ್ಕಳಿ ಸಾಹುಕಾರ್ರೇ. ನಂಗೆ ಕಾಯಿ ಕೇಳ್ಬೇಕು. ಕೊಳ್ತಿದ್ದು ಚೀಲ ಸೇರಿದ್ರೆ ಬೈಸ್ಕಳೋರು ಯಾರು?"

ಎಲ್ಲರೂ ನಕ್ಕರು. ಅವನೂ ನಕ್ಕ, ನಕ್ಕು ಮತ್ತೆ ಹಾಡು ಹಾಕಿಸಿದ. ಮೂರು ದಿನ ಅವಳು ಕಿತ್ತಳು, ಮೂರು ದಿನ ಅವನು ಹಾಕಿಸಿದ. ಎರಡೇ ದಿನವಿರಬಹುದು, ನೆನಪಿಗೆ ಮೂರೆಂದರೆ ಆಸೆ. ಕೊನೆಗೊಂದು ಸಂಜೆ ಮಾಲೀಕ ನನ್ನನ್ನು ಕರೆದು, "ಅವರಲ್ಲಿ ಪಾಸಿಟಿವಿಟಿ ಇಲ್ಲ. ಗ್ರೂಪಿಂದ ತೆಗೆದುಬಿಡು, ಅರ್ಥ ಮಾಡ್ಕೋತಾರೆ" ಎಂದ. ನಮ್ಮಲ್ಲಿ ಕೆಲಸದಿಂದ ಬಿಡಿಸುವುದೆಂದರೆ ಅಷ್ಟೇ: ಕಂಪನಿಯ ವಾಟ್ಸಾಪ್ ಗ್ರೂಪಿನಿಂದ ಹೆಸರು ತೆಗೆಯುವುದು. ನಾನು ತೆಗೆದೆ.

ಅಕ್ಕ ಫೋನ್ ನೋಡುವವಳಲ್ಲ. ಮರುದಿನ ಎಂದಿನ ಬಸ್ಸಿಗೇ ಬಂದಳು. ಬಾಗಿಲಲ್ಲಿ ತಡೆದು ಹೇಳಬೇಕಾಯಿತು.

"ತೆಗ್ದಿದ್ದು ಯಾರು, ನೀನಾ?"

"ಅವರು ಹೇಳಿದ್ರು ಅಕ್ಕಾ."

"ಮನೆಯೋರು ಮನೆಯೋರು ಅಂತ ಬಾಯಿ ಬಡ್ಕಂತಿದ್ರಲ್ಲೋ. ಮನೇಲಿ ಸತ್ತೋರ್ನೂ ಮುಖ ನೋಡಿ ಕಳಿಸ್ತಾರೆ ಕಣೋ."

ಆ ದಿನವೇ ರಾಜೀನಾಮೆ ಕೊಟ್ಟೆನೆಂದು ಬಹಳ ಜನರಿಗೆ ಹೇಳಿದ್ದೇನೆ. ಸುಳ್ಳು. ಇನ್ನೂ ಎಂಟು ತಿಂಗಳು ಅಲ್ಲೇ ಇದ್ದೆ, ಚಪ್ಪಾಳೆ ತಟ್ಟಿದೆ. ತರೀಕೆರೆ, ಅಜ್ಜಂಪುರದ ವ್ಯಾಪಾರಿಗಳು ಕೊಳೆತ ಕೊಬ್ಬರಿಯನ್ನು ಚೀಲ ಚೀಲವೇ ವಾಪಸ್ ಕಳಿಸಿದಾಗ, ಮಾಲೀಕ ವಿಂಗಡಿಸುವ ಹೆಂಗಸರನ್ನೇ ಸಾಲಾಗಿ ನಿಲ್ಲಿಸಿ ಬೈದ. ಆಗಲೂ ಹಾಡು ನಿಲ್ಲಿಸಿರಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡಳು. ಮಾಲೀಕ ಕಂಪನಿಯ ಆನ್‌ಲೈನ್ ಪುಟದಲ್ಲಿ ಅವಳ ಹಳೆಯ ಫೋಟೋ ಹಾಕಿ, "ನಮ್ಮ ಕುಟುಂಬದ ಹಿರಿಯ ಜೀವ" ಎಂದು ಬರೆದುಕೊಂಡ. ಗುರುತು ಪರಿಚಯವಿಲ್ಲದವರೆಲ್ಲ ಕೆಳಗೆ ಕೈಮುಗಿದರು. ಫೋಟೋದಲ್ಲಿ ಅಕ್ಕ ನಗುತ್ತಿಲ್ಲ. ಪಕ್ಕದಲ್ಲಿ ಅವಳ ಹೆಗಲಿಗೆ ಕೈಹಾಕಿ ಹಲ್ಲು ಕಿರಿಯುತ್ತಿರುವವನು ನಾನು.