ಎಡಗಿವಿಯ ಅರಳೆ

ಕಾಕಾನ ಹುಬ್ಬಿನಲ್ಲಿ ಯಾವಾಗಲೂ ಅರಳೆಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಮೀಸೆಯಲ್ಲಿ, ಕತ್ತಿನ ಬೆವರಿನಲ್ಲಿ, ಕಿವಿಯ ಮಡಿಕೆಯಲ್ಲೂ ಅಷ್ಟೇ. ರೋಣದ ನಮ್ಮ ಮನೆ ಹತ್ತಿ ವ್ಯಾಪಾರದ ಮನೆ. ಪಡಸಾಲೆಯ ಅರ್ಧಕ್ಕೆ ಹತ್ತಿಯದೇ ರಾಶಿ. ಅಪ್ಪನ ತಮ್ಮನಾದ ಈ ಕಾಕಾ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಹತ್ತಿಗೆ ಅಂಟಿದ ಒಣ ಎಲೆಯ ಚೂರುಗಳನ್ನು ಸಂಜೆಯ ತನಕ ಹೆಕ್ಕುತ್ತಿದ್ದ. ಯಾರೂ ಹಚ್ಚಿದ ಕೆಲಸವಲ್ಲ. ರಾಶಿಯ ಜಾಗ ಬದಲಾದರೆ ಕೂಗಾಡುತ್ತಿದ್ದ, ಯಾರಾದರೂ ಮೈ ಮುಟ್ಟಿದರೂ ಕೂಗಾಡುತ್ತಿದ್ದ.

ಊರು ಅವನನ್ನು ಅರೆಹುಚ್ಚ ಎನ್ನುತ್ತಿತ್ತು. ಅರೆ ಎಂದರೆ ಯಾವ ಸೇರಿನಿಂದ ಅಳೆದು ಎಂದು ನಾನು ಕೇಳಿದರೆ ನಗುತ್ತಿತ್ತು.

ನಾವು ಆಡಿದ ಮಾತಿನ ಬಾಲವನ್ನು ನಮಗೇ ತಿರುಗಿ ಕೊಡುವುದು ಅವನ ಮಾತಿನ ರೀತಿ.

"ಕಾಕಾ, ದೇವರು ಇಲ್ಲ."

"ಇಲ್ಲ."

"ಆಯಿ ಅಂತಾಳ, ಅದಾನ."

"ಅದಾನ."

ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ಕರ್ನಾಟಕ ಏಕೀಕರಣದ ಪರವಾಗಿಯೂ ವಿರುದ್ಧವಾಗಿಯೂ ಮಾತಾಡಿ ಎರಡಕ್ಕೂ ಚಪ್ಪಾಳೆ ಗಿಟ್ಟಿಸಿದ ನನಗೆ, ವಾದಕ್ಕೆ ಸಿಗದ ಮನುಷ್ಯ ಅವನೊಬ್ಬನೇ.

ಒಮ್ಮೆ ರಜೆಗೆ ಬಂದಾಗ ಕಾಕಾ ಅದೇ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ರೊಟ್ಟಿ ಮುಟ್ಟುತ್ತಿರಲಿಲ್ಲ. ಹಿಡಿಯಲು ಹೋದ ಆಯಿಯನ್ನು, ಎಂದರೆ ನನ್ನ ಅಜ್ಜಿಯನ್ನು, ತನ್ನ ಹೆತ್ತ ತಾಯಿಯನ್ನೇ, ನೂಕಿ ಕೆಡವಿದ್ದ. ಆಕೆಯ ಮಣಿಕಟ್ಟು ಬಾತಿತ್ತು. ಅಪ್ಪ ನಿರ್ಧರಿಸಿಬಿಟ್ಟಿದ್ದರು: ಸೋಮವಾರದ ಬಸ್ಸಿಗೆ ಧಾರವಾಡದ ಹುಚ್ಚರ ದವಾಖಾನೆ. ಕಾಕಾನ ಹಾಸಿಗೆಯ ಸುರುಳಿ ಆಗಲೇ ಬಾಗಿಲ ಬಳಿ ಕೂತಿತ್ತು.

ಡಾಕ್ಟರು ಬಂದರು. ಕಾಕಾ ಕೂಗಿದ್ದಕ್ಕೆ ಹೊಸ್ತಿಲಲ್ಲೇ ನಿಂತು ಕೇಳಿದರು.

"ಏನಪಾ, ಎಲ್ಲ್ಯರ ನೋಸ್ತೈತೇನು? ಇಲ್ಲಲ್ಲಾ?"

"ಇಲ್ಲಲ್ಲಾ," ಎಂದ ಕಾಕಾ.

"ನೋಡ್ರಿ ಮತ್ತ, ಖುದ್ದ ಹೇಳಿದ್ನಲ್ಲಾ. ಇಂಥವರು ಹಿಂಗರೀ."

ನಾನು ಬಿಡಲಿಲ್ಲ. "ನೋಸ್ತೈತಿ ಅಂತ ಕೇಳಿದ್ರ ನೋಸ್ತೈತಿ ಅಂತಾನ್ರಿ. ಇದು ಸಾಕ್ಷಿ ಆತೇನು?"

"ನೀ ವಕೀಲಕಿ ಓದು ತಮ್ಮಾ, ಚಲೋ ಆಗ್ತೈತಿ," ಎಂದು ಚೀಲ ಎತ್ತಿಕೊಂಡು ಹೋದರು.

ಅಂದು ಸಂಜೆ ಪಡಸಾಲೆಯಲ್ಲಿ ಮೂರು ಪಕ್ಷ. ಆಯಿಯ ಪ್ರಕಾರ ಹರಕೆ ತೀರಿಸದಿದ್ದುದಕ್ಕೆ ಯಲ್ಲಮ್ಮ ಮುನಿದಿದ್ದಾಳೆ. ಅಪ್ಪನ ಪ್ರಕಾರ ಹುಚ್ಚು ಬಲಿತಿದೆ. ನಾನು ಇಬ್ಬರಿಗೂ ವಿರೋಧ.

"ಇಷ್ಟು ವರ್ಷ ತಲಿ ಬಡಕೊಳ್ಳದಾಂವ ಈಗ್ಯಾಕ ಬಡಕೊಂತಾನ? ಕಾರಣ ಬೇಕಲ್ಲ?"

"ಹುಚ್ಚಿಗೆಂಥಾ ಕಾರಣೋ!" ಅಪ್ಪ ಗದರಿದರು.

ಆಯಿ ಬಾತ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸಿಡುಕಿದಳು: "ಒಬ್ಬರ ಮಾರಿ ಒಬ್ಬರು ನೋಡಿ ಭಾಳ ಮಾತಾಡ್ತೀರಿ. ಅವನ ಮಾರಿ ಯಾರರ ನೋಡೀರೇನು?"

ನೋಡಿದೆ. ಕಾಕಾ ಪ್ರತಿ ಸಲವೂ ಎಡಗಡೆಯನ್ನೇ ಕಂಬಕ್ಕೆ ಬಡಿಯುತ್ತಿದ್ದ. ಆ ಕಿವಿಯಲ್ಲಿ ಅರಳೆ ಇತ್ತು. ಹತ್ತಿಯ ಮನೆಯಲ್ಲಿ ಮನುಷ್ಯನ ಕಿವಿಯಲ್ಲಿ ಅರಳೆ ಇದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮೆಲ್ಲರ ಮೈಮೇಲೂ ಇದ್ದದ್ದೇ. ಆದರೆ ಅವನ ಮೈಗೆ ತಾನಾಗಿ ಅಂಟಿದ ಅರಳೆಯಲ್ಲೆಲ್ಲ ಎಲೆಯ ಚೂರುಗಳಿದ್ದವು. ಇದರಲ್ಲಿ ಒಂದೂ ಇರಲಿಲ್ಲ. ಬೀಜ ಬಿಡಿಸಿ, ಹಸನು ಮಾಡಿ, ದೀಪದ ಬತ್ತಿಯ ಹಾಗೆ ಹೊಸೆದು ಒಳಗೆ ಸೇರಿಸಿದ್ದ. ಬಲಗಿವಿ ಖಾಲಿ. ನಾನು ಬಗ್ಗಿದೆ. ಬತ್ತಿ ಹಳದಿಯಾಗಿ ಒದ್ದೆಯಾಗಿತ್ತು, ವಾಸನೆ ಬಂತು.

ಎಲ್ಲಿ ನೋವು ಎಂದು ಮನೆಯೆಲ್ಲ ಕೇಳಿತ್ತು. ಕಾಕಾ ಉತ್ತರವನ್ನು ಎಲ್ಲರಿಗೂ ಕಾಣುವಲ್ಲೇ ಇಟ್ಟಿದ್ದ.

ಮರುದಿನ ಡಾಕ್ಟರು ಮತ್ತೆ ಬಂದರು. ಈ ಸಲ ಹತ್ತಿಯ ಮೇಲೇ ಕೂತರು. ಆಯಿ ಕಾಕಾನ ಮಡಿಲಿಗೆ ಹಸನು ಮಾಡದ ಹತ್ತಿ ಸುರಿದಳು. ಬೆರಳು ಕೆಲಸಕ್ಕೆ ಬಿದ್ದ ಮೇಲೆ ಅವನು ಕೂಗಲಿಲ್ಲ. ಬತ್ತಿ ತೆಗೆದು ಬ್ಯಾಟರಿ ಬಿಟ್ಟು ನೋಡಿದ ಡಾಕ್ಟರು, "ಅಯ್ಯ ಶಿವನ! ಒಳಗ ಕೀವು ತುಂಬೈತಿ. ಇಷ್ಟು ದಿನ ಹ್ಯಾಂಗ ತಡಕೊಂಡಾನೋ," ಎಂದರು. ಕಿವಿ ತೊಳೆದರು, ಪೆನಿಸಿಲಿನ್ ಸೂಜಿ ಹಾಕಿದರು.

ಸೋಮವಾರದ ಬಸ್ಸು ಕಾಕಾನನ್ನು ಬಿಟ್ಟು ಹೋಯಿತು. ಅಪ್ಪನೇ ಹಾಸಿಗೆಯ ಸುರುಳಿ ಬಿಚ್ಚಿ ಹಾಸಿದರು. ಆಯಿ ಮಾತ್ರ ಯಲ್ಲಮ್ಮನಿಗೆ ಕಾಯಿ ಒಡೆಸಿದಳು.

"ಗುಣ ಮಾಡಿದ್ದು ಸೂಜಿ ಆಯಿ," ಎಂದೆ.

"ಹೌದೋ ಶಾಣ್ಯಾ. ನಿನ್ನ ಬಾಯಿ ಮುಚ್ಚಿಸಿ ಕಣ್ಣು ತೆರಿಸಿದಾಕಿ ಯಾರು?"

ಕಾಕಾನಿಗೆ ಆ ಕಿವಿ ಮುಂದೆ ಕೇಳಲಿಲ್ಲ. ಅಂದಿನಿಂದ ನಾನು ಬಲಗಡೆ ಕೂತು ವಾದಿಸುತ್ತಿದ್ದೆ. ಬುದ್ಧಿ ಬೆಳೆಯಲಿಲ್ಲ ಎನ್ನಿಸಿಕೊಂಡವನಿಗೆ ಕಿವಿ ನೋಯಬಾರದೇ, ಹಲ್ಲು ನೋಯಬಾರದೇ? ಬಸ್ಸಿಗೆ ಹಾಸಿಗೆ ಸುತ್ತಿಟ್ಟದ್ದನ್ನು ಕಂಡು ಎದೆ ನಡುಗಬಾರದೇ? ಯಾರಾದರೂ "ಇಂಥವರು ಹಿಂಗ" ಎಂದರೆ ನಾನು ಇಂದಿಗೂ ಮೊದಲು ಕೇಳುವುದು, ಯಾವ ಮಗ್ಗುಲು ನೋಡಿ ಹೇಳುತ್ತೀರಿ ಎಂದು. ಈ ಪ್ರಶ್ನೆ ಚರ್ಚಾಕೂಟ ಕಲಿಸಿದ್ದಲ್ಲ.

ಹೋದ ಚಳಿಗಾಲದಲ್ಲಿ ಕಾಕಾನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಅವನು ರೊಟ್ಟಿ ಬಿಟ್ಟ ದಿನವೇ ಅಪ್ಪ ಓಡಿಹೋಗಿ ಡಾಕ್ಟರನ್ನು ಕರೆತಂದರು. ಆದರೂ ಉಳಿಯಲಿಲ್ಲ. ಮೈ ತೊಳೆದ ಮೇಲೆ ಹಿರಿಯರೊಬ್ಬರು ವಾಡಿಕೆಯಂತೆ ಮೂಗಿಗೆ, ಕಿವಿಗೆ ಅರಳೆ ಇಡಲು ಬಗ್ಗಿದರು.

"ಎಡಗಿವಿಗೆ ಸಾವಕಾಶ ಇಡ್ರಿ," ಎಂದಳು ಆಯಿ.

ಸತ್ತವರಿಗೆ ನೋವಿಲ್ಲ ಎಂಬ ವಾದ ನನ್ನ ನಾಲಗೆಯ ತುದಿಗೆ ಬಂದಿತ್ತು. ಆ ಹಿರಿಯರ ಕೈಯ ಅರಳೆಯಲ್ಲಿ ಒಂದು ಎಲೆಯ ಚೂರು ಕಂಡಿತು. ಅರಳೆ ಇಸಿದುಕೊಂಡು, ಆ ಚೂರನ್ನು ಹೆಕ್ಕಿ ತೆಗೆದು, ತಿರುಗಿ ಕೊಟ್ಟೆ.